ಫ್ಲಾಪಿ ತಟ್ಟೆಗಳೂ ಗಣಕಯಂತ್ರಗಳ ನಡುವಣ ಹೊಂದಾಣಿಕೆಯೂ

(ಉಪನ್ಯಾಸದ ಪಠ್ಯ)



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಕನ್ನಡ ಸಂಘಗಳ ಕಪಾಟುಗಳಲ್ಲಿಯೂ ಹಳೆಯ ಫ್ಲಾಪಿ ತಟ್ಟೆಗಳು ಇಂದಿಗೂ ಉಳಿದುಕೊಂಡಿರುವ ಸಂಭವವಿದೆ. ಸ್ಮರಣ ಸಂಚಿಕೆಯ ಲೇಖನಗಳು, ಸದಸ್ಯರ ಪಟ್ಟಿ, ರಾಜ್ಯೋತ್ಸವಕ್ಕೆಂದು ಬರೆದ ನಾಟಕ, ತೀರಿಕೊಂಡ ಹಿರಿಯರೊಬ್ಬರ ಆತ್ಮಕಥೆಯ ಅಪೂರ್ಣ ಕರಡು, ಹೀಗೆ 1980 ಮತ್ತು 1990ರ ದಶಕಗಳಲ್ಲಿ ಗಣಕಯಂತ್ರಕ್ಕೆ ಅಳವಡಿಸಿದ ಎಷ್ಟೋ ಬರಹಗಳು ಅವುಗಳಲ್ಲಿ ಅಡಗಿರಬಹುದು. ಕಾಗದದ ಪ್ರತಿ ಕಳೆದುಹೋಗಿದ್ದಲ್ಲಿ ಆ ತಟ್ಟೆಯೇ ಅದರ ಏಕೈಕ ಆಧಾರವಾಗಿ ಉಳಿದಿರುತ್ತದೆ.

ಅಂತಹ ತಟ್ಟೆಯೊಂದನ್ನು ಈಗ ಯಾರಾದರೂ ಹೇಗೋ ದೊರಕಿಸಿಕೊಂಡ ಡ್ರೈವಿನಲ್ಲಿ ಇರಿಸಿದರೆ, ಗಣಕಯಂತ್ರವು ಅನೇಕ ವೇಳೆ ಒಂದೇ ಉತ್ತರವನ್ನು ಕೊಡುತ್ತದೆ: ಈ ತಟ್ಟೆಯನ್ನು ಫಾರ್ಮ್ಯಾಟ್ ಮಾಡಿಲ್ಲ, ಈಗ ಮಾಡಬೇಕೆ? ಈ ಪ್ರಶ್ನೆಯನ್ನು ಓದಿದವರು ತಟ್ಟೆಯು ಖಾಲಿಯಾಗಿದೆಯೆಂದು ಭಾವಿಸುವುದು ಸಹಜ. ಅನೇಕ ಸಂದರ್ಭಗಳಲ್ಲಿ ಅದು ತಪ್ಪು ಗ್ರಹಿಕೆ. ಮೋಡಿ ಲಿಪಿಯನ್ನು ಅರಿಯದವನ ಕೈಗೆ ಮೋಡಿಯಲ್ಲಿ ಬರೆದ ದಫ್ತರವನ್ನು ಕೊಟ್ಟರೆ ಅವನಿಗೆ ಅದು ಗೀಚಿದ ಗೆರೆಗಳಂತೆ ಕಾಣುತ್ತದೆ. ಆದರೂ ಅದರಲ್ಲಿ ಜಮೀನಿನ ಹಕ್ಕು, ಸಾಲದ ಲೆಕ್ಕ ಎಲ್ಲವೂ ಇರುತ್ತವೆ. ಗಣಕಯಂತ್ರದ ಸ್ಥಿತಿಯೂ ಇದೇ. ತನಗೆ ಪರಿಚಯವಿಲ್ಲದ ಕ್ರಮದಲ್ಲಿ ಬರೆದುದನ್ನು ಅದು ಬರಹವೆಂದೇ ಗುರುತಿಸಲಾರದು. ಆ ಪ್ರಶ್ನೆಗೆ 'ಹೌದು' ಎಂಬ ಗುಂಡಿಯನ್ನು ಒತ್ತಿದರೆ ಉಳಿದಿದ್ದ ಬರಹವೂ ಅಳಿಸಿಹೋಗುತ್ತದೆ. ಈ ಉಪನ್ಯಾಸದ ವಿಷಯವು ಈ ಒಂದು ಗುಂಡಿಯ ಸುತ್ತಲೇ ಇದೆ ಎಂದರೂ ಸಲ್ಲುತ್ತದೆ.

ತಟ್ಟೆಯ ಮೇಲಿನ ಗೆರೆಗಳು

ಫ್ಲಾಪಿ ಎಂಬುದು ತೆಳುವಾದ ಪ್ಲಾಸ್ಟಿಕ್ ತಟ್ಟೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪನವಿರುತ್ತದೆ. ಡ್ರೈವಿನೊಳಗೆ ಅದು ತಿರುಗುತ್ತಿರುವಾಗ ಒಂದು ಪುಟ್ಟ ಕಾಂತೀಯ ಶಿರವು ಲೇಪನವನ್ನು ಸ್ಪರ್ಶಿಸುತ್ತಾ ಬರೆಯುತ್ತದೆ ಅಥವಾ ಓದುತ್ತದೆ. ಹೊಸ ತಟ್ಟೆಯ ಮೇಲೆ ಯಾವ ಗುರುತೂ ಇರುವುದಿಲ್ಲ. ಬಳಕೆಗೆ ಮೊದಲು ಅದನ್ನು ವೃತ್ತಾಕಾರದ ಟ್ರ್ಯಾಕ್‌ಗಳನ್ನಾಗಿಯೂ, ಪ್ರತಿಯೊಂದು ಟ್ರ್ಯಾಕನ್ನು ಸೆಕ್ಟರ್‌ಗಳೆಂಬ ತುಂಡುಗಳನ್ನಾಗಿಯೂ ವಿಂಗಡಿಸಬೇಕು. ಈ ಕೆಲಸಕ್ಕೆ ಫಾರ್ಮ್ಯಾಟ್ ಮಾಡುವುದು ಎಂದು ಹೆಸರು.

ಊರಿನ ಭೂಮಿಯನ್ನು ಅಳೆದು, ಗಡಿಕಲ್ಲು ನೆಟ್ಟು, ಪ್ರತಿ ತುಂಡಿಗೂ ಸರ್ವೆ ನಂಬರನ್ನು ಕೊಟ್ಟು, ಯಾವುದು ಯಾರ ಸ್ವಾಧೀನದಲ್ಲಿದೆ ಎಂಬುದನ್ನು ಪಹಣಿಯಲ್ಲಿ ಬರೆದಿಡುವ ಕ್ರಮವನ್ನು ಇಲ್ಲಿ ನೆನೆಯಬಹುದು. ಸೆಕ್ಟರ್ ಎಂಬುದು ಸರ್ವೆ ನಂಬರಿನಂತೆ. ತಟ್ಟೆಯ ಆರಂಭದಲ್ಲಿಯೋ ನಡುವಿನಲ್ಲಿಯೋ ಬರೆದಿರುವ ಕಡತಗಳ ಪಟ್ಟಿಯು ಪಹಣಿಯಂತೆ. ಅಳತೆಯ ಕ್ರಮವನ್ನು ತಿಳಿಯದವನಿಗೆ ಭೂಮಿಯು ಕಣ್ಣೆದುರಿಗೇ ಇದ್ದರೂ ಯಾವ ತುಂಡು ಎಲ್ಲಿ ಆರಂಭವಾಗುತ್ತದೆಂದು ಹೇಳಲಾಗದು.

ಒಂದು ಯಂತ್ರದಲ್ಲಿ ಬರೆದ ತಟ್ಟೆಯನ್ನು ಮತ್ತೊಂದು ಯಂತ್ರವು ಓದಬೇಕಾದರೆ ಹಲವು ಅಂಶಗಳು ಒಟ್ಟಿಗೆ ಹೊಂದಿಕೆಯಾಗಬೇಕು. ತಟ್ಟೆಯ ಅಗಲ, ಒಂದು ಮಗ್ಗುಲಿನಲ್ಲಿ ಬರೆದಿದೆಯೋ ಎರಡರಲ್ಲಿಯೋ ಎಂಬುದು, ಟ್ರ್ಯಾಕ್‌ಗಳ ಸಂಖ್ಯೆ, ತಿರುಗುವ ವೇಗ, ಸೊನ್ನೆ ಮತ್ತು ಒಂದುಗಳನ್ನು ಕಾಂತೀಯ ಗುರುತುಗಳಾಗಿ ಮಾರ್ಪಡಿಸುವ ವಿಧಾನ, ಸೆಕ್ಟರ್‌ಗಳ ಸಂಖ್ಯೆ ಹಾಗೂ ಗಾತ್ರ, ಕೊನೆಯದಾಗಿ ಕಡತಗಳ ಪಟ್ಟಿಯನ್ನು ಬರೆಯುವ ರೀತಿ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ಸರಿಯಾಗಿದ್ದು ಪ್ರಯೋಜನವಿಲ್ಲ. ಹೊರಗಿನಿಂದ ನೋಡುವವರಿಗೆ ಎರಡು ತಟ್ಟೆಗಳು ಒಂದೇ ಬಗೆಯವಾಗಿ ಕಾಣುತ್ತವೆ. ಅಂಗಡಿಯಲ್ಲಿ ಒಂದೇ ಪೆಟ್ಟಿಗೆಯಿಂದ ತೆಗೆದುಕೊಟ್ಟವೂ ಆಗಿರಬಹುದು. ವ್ಯತ್ಯಾಸವೆಲ್ಲವೂ ಕಣ್ಣಿಗೆ ಕಾಣದ ಗೆರೆಗಳಲ್ಲಿರುತ್ತದೆ.

ಎಂಟು ಅಂಗುಲದಿಂದ ಐದೂಕಾಲು ಅಂಗುಲಕ್ಕೆ

ಫ್ಲಾಪಿಯ ಚರಿತ್ರೆಯು ಒಮ್ಮತದಿಂದಲೇ ಆರಂಭವಾಯಿತೆಂಬುದು ಗಮನಾರ್ಹ. ಅಮೆರಿಕದ ಐಬಿಎಂ ಸಂಸ್ಥೆಯು 1971ರಲ್ಲಿ ಎಂಟು ಅಂಗುಲದ ತಟ್ಟೆಯನ್ನು ಬಳಕೆಗೆ ತಂದಿತು. 1973ರಲ್ಲಿ ಅದೇ ಸಂಸ್ಥೆಯ 3740 ಎಂಬ ದತ್ತಾಂಶ ದಾಖಲೆಯ ವ್ಯವಸ್ಥೆಯೊಂದಿಗೆ ಬರೆಯಲೂ ಓದಲೂ ಬರುವ ತಟ್ಟೆ ಬಂದಿತು. ಅದರಲ್ಲಿ 77 ಟ್ರ್ಯಾಕ್‌ಗಳು, ಪ್ರತಿ ಟ್ರ್ಯಾಕಿನಲ್ಲಿ 26 ಸೆಕ್ಟರ್‌ಗಳು, ಪ್ರತಿ ಸೆಕ್ಟರಿನಲ್ಲಿ 128 ಬೈಟ್‌ಗಳು ಇದ್ದವು. ಇತರ ತಯಾರಕರೂ ಇದೇ ಕ್ರಮವನ್ನು ಅನುಸರಿಸಿದರು. ಗ್ಯಾರಿ ಕಿಲ್ಡಾಲ್ ಎಂಬವರು 1974ರಲ್ಲಿ ರೂಪಿಸಿದ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುತ್ತಿದ್ದವರು ಈ ಎಂಟು ಅಂಗುಲದ ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ನಿಶ್ಚಿಂತೆಯಿಂದ ಕೊಟ್ಟು ತೆಗೆದುಕೊಳ್ಳುತ್ತಿದ್ದರು.

1976ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯು ಐದೂಕಾಲು ಅಂಗುಲದ ಚಿಕ್ಕ ತಟ್ಟೆಯನ್ನೂ ಅದರ ಡ್ರೈವನ್ನೂ ಹೊರತಂದಿತು. ಬೆಲೆ ಕಡಿಮೆ, ಜಾಗವೂ ಕಡಿಮೆ. ಮೇಜಿನ ಮೇಲಿನ ಗಣಕಯಂತ್ರಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ಆದರೆ ಈ ಚಿಕ್ಕ ತಟ್ಟೆಯ ಮೇಲೆ ಗೆರೆಗಳನ್ನು ಎಳೆಯುವುದು ಹೇಗೆಂಬ ಬಗ್ಗೆ ಯಾರೂ ಕೂಡಿ ನಿರ್ಧರಿಸಲಿಲ್ಲ. ಪ್ರತಿಯೊಬ್ಬ ತಯಾರಕನೂ ತನಗೆ ಸರಿಕಂಡ ದಾರಿಯನ್ನು ಹಿಡಿದನು.

1981ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬರ್ನ್ 1 ಎಂಬ ಯಂತ್ರವು ತಟ್ಟೆಯ ಒಂದು ಮಗ್ಗುಲಿನಲ್ಲಿ 40 ಟ್ರ್ಯಾಕ್‌ಗಳನ್ನೂ, ಪ್ರತಿ ಟ್ರ್ಯಾಕಿನಲ್ಲಿ 256 ಬೈಟ್‌ಗಳ 10 ಸೆಕ್ಟರ್‌ಗಳನ್ನೂ ಬರೆಯುತ್ತಿತ್ತು. ಮರುವರ್ಷ ಬಂದ ಕೇಪ್ರೊ 2 ಯಂತ್ರವೂ ಒಂದು ಮಗ್ಗುಲಿನಲ್ಲಿ 40 ಟ್ರ್ಯಾಕ್‌ಗಳನ್ನೇ ಬರೆಯುತ್ತಿತ್ತು. ಆದರೆ ಇಮ್ಮಡಿ ಸಾಂದ್ರತೆಯಲ್ಲಿ, 512 ಬೈಟ್‌ಗಳ 10 ಸೆಕ್ಟರ್‌ಗಳಾಗಿ. ಎರಡರಲ್ಲಿಯೂ ಸಿಪಿ/ಎಂ ವ್ಯವಸ್ಥೆಯೇ ಇದ್ದಿತು. ಒಂದರ ತಂತ್ರಾಂಶವು ಮತ್ತೊಂದರಲ್ಲಿ ನಡೆಯಬಹುದಾಗಿತ್ತು. ಆದರೂ ಒಂದರ ತಟ್ಟೆಯನ್ನು ಎರಡನೆಯದರಲ್ಲಿ ಇಟ್ಟ ಮಾತ್ರಕ್ಕೆ ಓದಲಾಗುತ್ತಿರಲಿಲ್ಲ.

ಇದನ್ನು ಕೇವಲ ಹಟಮಾರಿತನವೆಂದು ತಳ್ಳಿಹಾಕುವಂತಿಲ್ಲ. ಪ್ರತಿಯೊಂದು ಆಯ್ಕೆಯ ಹಿಂದೆಯೂ ಸಕಾರಣವಿದ್ದಿತು. ಆಪಲ್ ಸಂಸ್ಥೆಯ ಸ್ಟೀವ್ ವೋಜ್ನಿಯಾಕ್ ಅವರು 1978ರಲ್ಲಿ ಆಪಲ್ 2 ಯಂತ್ರಕ್ಕೆ ಡ್ರೈವನ್ನು ರೂಪಿಸಿದಾಗ, ಬಿಡಿಭಾಗಗಳ ಸಂಖ್ಯೆಯನ್ನು ಬಹಳವಾಗಿ ತಗ್ಗಿಸಿ, ಹೆಚ್ಚಿನ ಕೆಲಸವನ್ನು ತಂತ್ರಾಂಶಕ್ಕೆ ವಹಿಸಿದರು. ಇದರಿಂದ ವೆಚ್ಚ ಕಡಿಮೆಯಾಯಿತು. ಜಿಸಿಆರ್ ಎಂಬ ಬೇರೆಯೇ ಬರವಣಿಗೆಯ ವಿಧಾನದಿಂದಾಗಿ ತಟ್ಟೆಯಲ್ಲಿ ಹೆಚ್ಚು ಮಾಹಿತಿಯೂ ಹಿಡಿಯಿತು. 1982ರ ಕಮೋಡೋರ್ 1541 ಡ್ರೈವು ಮತ್ತೊಂದು ಯುಕ್ತಿಯನ್ನು ಬಳಸಿತು. ತಟ್ಟೆಯ ಹೊರಗಿನ ಸುತ್ತುಗಳು ಒಳಗಿನವುಗಳಿಗಿಂತ ಉದ್ದವಾಗಿರುವುದರಿಂದ ಅಲ್ಲಿ 21 ಸೆಕ್ಟರ್‌ಗಳನ್ನೂ, ಒಳಗಿನ ಸುತ್ತುಗಳಲ್ಲಿ 17 ಸೆಕ್ಟರ್‌ಗಳನ್ನೂ ಬರೆಯುವ ವ್ಯವಸ್ಥೆ ಅದಾಗಿತ್ತು. ಯುಕ್ತಿಯ ದೃಷ್ಟಿಯಿಂದ ಇವೆಲ್ಲವೂ ಮೆಚ್ಚತಕ್ಕವೇ. ಆದರೆ ಉಳಿತಾಯವು ತಯಾರಕರಿಗೂ ಅಂದಿನ ಖರೀದಿದಾರರಿಗೂ ದೊರೆಯಿತು. ಅದರ ಬೆಲೆಯನ್ನು ಮುಂದೆ ತೆರಬೇಕಾದವರು ತಟ್ಟೆಯಲ್ಲಿ ಬರಹವನ್ನು ಇರಿಸಿದವರು.

ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ 1982ರ ರೇನ್‌ಬೋ ಯಂತ್ರದ ಸಂಗತಿಯು ಇನ್ನೂ ವಿಚಿತ್ರ. ಆರಂಭದಲ್ಲಿ ಅದರ ಬಳಕೆದಾರರು ಖಾಲಿ ತಟ್ಟೆಯನ್ನು ತಾವೇ ಫಾರ್ಮ್ಯಾಟ್ ಮಾಡಿಕೊಳ್ಳುವಂತಿರಲಿಲ್ಲ. ಮೊದಲೇ ಗೆರೆ ಎಳೆದ ತಟ್ಟೆಗಳನ್ನು ಕೊಂಡುಕೊಳ್ಳಬೇಕಾಗಿತ್ತು.

ತಟ್ಟೆಗಳು ಹೊಂದಿಕೆಯಾಗದಿದ್ದಾಗ ಜನರು ಬೇರೆ ಉಪಾಯಗಳನ್ನು ಹುಡುಕಿದರು. ಅನ್ಯ ಯಂತ್ರದ ತಟ್ಟೆಯನ್ನು ಓದಿಕೊಡುವ ತಂತ್ರಾಂಶಗಳು ಮಾರಾಟಕ್ಕೆ ಬಂದವು. ಎರಡು ಯಂತ್ರಗಳ ನಡುವೆ ತಂತಿಯನ್ನು ಜೋಡಿಸಿ ಕಡತವನ್ನು ಸಾಗಿಸುವ ರೂಢಿಯೂ ಬೆಳೆಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1981ರಲ್ಲಿ ಸಿದ್ಧವಾದ ಕರ್ಮಿಟ್ ಎಂಬ ಸಂವಹನ ನಿಯಮಾವಳಿಯು ಇಂತಹ ಅಗತ್ಯದಿಂದಲೇ ಹುಟ್ಟಿತು. ದೊಡ್ಡ ಗಣಕಯಂತ್ರದಲ್ಲಿದ್ದ ವಿದ್ಯಾರ್ಥಿಗಳ ಕಡತಗಳನ್ನು ಚಿಕ್ಕ ಯಂತ್ರಗಳ ಫ್ಲಾಪಿಗಳಿಗೆ ಇಳಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು.

ಒಂದೇ ಮನೆತನದೊಳಗಿನ ತೊಡಕು

1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಅದರ ಮಾದರಿಯ ಯಂತ್ರಗಳು ಎಲ್ಲೆಡೆ ಹರಡಿ, ಒಂದು ಬಗೆಯ ಏಕರೂಪತೆ ತಾನಾಗಿಯೇ ಉಂಟಾಯಿತು. ಆದರೂ ಈ ಒಂದೇ ಮನೆತನದೊಳಗೂ ತೊಡಕುಗಳಿದ್ದವು. ಮೊದಲ ತಟ್ಟೆಯು 160 ಕಿಲೋಬೈಟಿನದು. 1982ರಲ್ಲಿ ಎರಡೂ ಮಗ್ಗುಲುಗಳನ್ನು ಬಳಸಿ 320. 1983ರಲ್ಲಿ ಟ್ರ್ಯಾಕಿಗೆ ಒಂಬತ್ತು ಸೆಕ್ಟರ್‌ಗಳಾಗಿ 360. 1984ರ ಪಿಸಿ/ಎಟಿ ಯಂತ್ರದಲ್ಲಿ 1.2 ಮೆಗಾಬೈಟ್.

ಈ ಕೊನೆಯ ಹೆಜ್ಜೆಯು ಅನೇಕ ಕಚೇರಿಗಳಲ್ಲಿ ತಲೆನೋವನ್ನು ತಂದಿತು. 1.2 ಮೆಗಾಬೈಟಿನ ಡ್ರೈವು 40ರ ಬದಲು 80 ಟ್ರ್ಯಾಕ್‌ಗಳನ್ನು ಬರೆಯಬೇಕಾದುದರಿಂದ ಅದರ ಶಿರವು ಎಳೆಯುವ ಗೆರೆಯು ಹಳೆಯದರ ಸುಮಾರು ಅರ್ಧದಷ್ಟು ಅಗಲವಿದ್ದಿತು. ಹಳೆಯ 360 ಕಿಲೋಬೈಟಿನ ತಟ್ಟೆಯನ್ನು ಅದು ಸುಲಭವಾಗಿ ಓದುತ್ತಿತ್ತು. ಆದರೆ ಹಳೆಯ ಯಂತ್ರದಲ್ಲಿ ಬರೆದ ತಟ್ಟೆಯ ಮೇಲೆ ಈ ಹೊಸ ಡ್ರೈವು ಮತ್ತೆ ಬರೆದರೆ, ಅಗಲವಾದ ಹಳೆಯ ಗೆರೆಯ ನಡುವೆ ಕಿರಿದಾದ ಹೊಸ ಗೆರೆ ಮೂಡಿ, ಅಂಚಿನಲ್ಲಿ ಹಳೆಯದು ಉಳಿಯುತ್ತಿತ್ತು. ಅದನ್ನು ಮರಳಿ ಹಳೆಯ ಯಂತ್ರಕ್ಕೆ ಹಾಕಿದಾಗ ಅದರ ಅಗಲವಾದ ಶಿರವು ಎರಡನ್ನೂ ಒಮ್ಮೆಗೇ ಗ್ರಹಿಸಿ ಗೊಂದಲಕ್ಕೀಡಾಗುತ್ತಿತ್ತು. ಕಳುಹಿಸಿದವರು ತಮ್ಮ ಯಂತ್ರದಲ್ಲಿ ತಟ್ಟೆಯನ್ನು ಪರೀಕ್ಷಿಸಿ ಸರಿಯಾಗಿದೆ ಎನ್ನುತ್ತಿದ್ದರು. ಪಡೆದವರು ಕೆಟ್ಟುಹೋಗಿದೆ ಎನ್ನುತ್ತಿದ್ದರು. ಇಬ್ಬರ ಮಾತೂ ನಿಜವಾಗಿರುತ್ತಿತ್ತು. ಹಳೆಯ ಯಂತ್ರಕ್ಕೆ ಕೊಡಬೇಕಾದ ತಟ್ಟೆಯನ್ನು ಹಳೆಯ ಯಂತ್ರದಲ್ಲಿಯೇ ಬರೆಯುವುದು ಅಥವಾ ಒಮ್ಮೆಯೂ ಬಳಸದ ಹೊಸ ತಟ್ಟೆಯನ್ನು ಉಪಯೋಗಿಸುವುದು ಅನುಭವಿಗಳು ಕಂಡುಕೊಂಡ ಪರಿಹಾರವಾಗಿತ್ತು.

ಮೂರೂವರೆ ಅಂಗುಲದ ತಟ್ಟೆ

ಗಟ್ಟಿಯಾದ ಕವಚವುಳ್ಳ ಮೂರೂವರೆ ಅಂಗುಲದ ತಟ್ಟೆಯನ್ನು ಜಪಾನಿನ ಸೋನಿ ಸಂಸ್ಥೆ 1981ರಲ್ಲಿ ಪರಿಚಯಿಸಿತು. ಇಲ್ಲಿಯೂ ಹಳೆಯ ಕಥೆಯೇ ಮರುಕಳಿಸಿತು. 1984ರ ಮ್ಯಾಕಿಂತೋಷ್ ಯಂತ್ರವು ಶಿರವಿರುವ ಸ್ಥಾನಕ್ಕೆ ತಕ್ಕಂತೆ ತಟ್ಟೆಯ ವೇಗವನ್ನು ಬದಲಾಯಿಸುತ್ತಾ ಒಂದು ಮಗ್ಗುಲಿನಲ್ಲಿ 400 ಕಿಲೋಬೈಟ್‌ಗಳನ್ನು ಬರೆಯುತ್ತಿತ್ತು. 1986ರಿಂದ ಎರಡು ಮಗ್ಗುಲುಗಳಲ್ಲಿ 800. 1985ರ ಅಮಿಗಾ ಯಂತ್ರವು ಸೆಕ್ಟರ್‌ಗಳ ನಡುವೆ ಖಾಲಿ ಜಾಗವನ್ನು ಬಿಡದೆ, ಇಡೀ ಟ್ರ್ಯಾಕನ್ನು ಒಂದೇ ಸಲಕ್ಕೆ ಬರೆದು, ಅದೇ ತಟ್ಟೆಯಲ್ಲಿ 880 ಕಿಲೋಬೈಟ್‌ಗಳನ್ನು ಹಿಡಿಸಿತು. ಪಿಸಿ ಮಾದರಿಯ ಯಂತ್ರಗಳು ಅದರಲ್ಲಿ ಬರೆಯುತ್ತಿದ್ದುದು 720 ಮಾತ್ರ. ಸಾಮರ್ಥ್ಯದಲ್ಲಿ ಮುಂದಿದ್ದ ಕ್ರಮಗಳೇ ಸ್ವೀಕಾರದಲ್ಲಿ ಹಿಂದುಳಿದವು.

1987ರಲ್ಲಿ ಐಬಿಎಂ ಪಿಎಸ್/2 ಯಂತ್ರಗಳೊಂದಿಗೆ ಬಂದ 1.44 ಮೆಗಾಬೈಟಿನ ಕ್ರಮವು ಕೊನೆಗೆ ಬಹುತೇಕ ಎಲ್ಲರೂ ಒಪ್ಪಿದ ರೂಪವಾಯಿತು. ಎರಡು ಮಗ್ಗುಲು, 80 ಟ್ರ್ಯಾಕ್, 18 ಸೆಕ್ಟರ್, 512 ಬೈಟ್. ಗುಣಿಸಿದರೆ 14,74,560 ಬೈಟ್‌ಗಳು. 1988ರಿಂದ ಮ್ಯಾಕಿಂತೋಷ್ ಕೂಡ ಇದನ್ನು ಓದುವ ಡ್ರೈವನ್ನು ಅಳವಡಿಸಿಕೊಂಡಿತು.

ಏಕರೂಪತೆ ಬಂದ ಮೇಲೂ ಅದನ್ನು ಮೀರುವ ಆಸೆ ತೀರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ತಂತ್ರಾಂಶಗಳ ವಿತರಣೆಗೆ ಟ್ರ್ಯಾಕಿಗೆ 21 ಸೆಕ್ಟರ್‌ಗಳಿರುವ, ಸುಮಾರು 1.68 ಮೆಗಾಬೈಟಿನ ಕ್ರಮವನ್ನು ಬಳಸಿತು. ಇದರಿಂದ ತಟ್ಟೆಗಳ ಸಂಖ್ಯೆ ಕಡಿಮೆಯಾಯಿತು. ಸಾಮಾನ್ಯ ವಿಧಾನದಿಂದ ನಕಲು ಮಾಡುವುದೂ ಕಷ್ಟವಾಯಿತು. ಇತ್ತ ಕೆಲವು ಬಳಕೆದಾರರು 720 ಕಿಲೋಬೈಟಿನ ಅಗ್ಗದ ತಟ್ಟೆಯ ಕವಚಕ್ಕೆ ತಾವೇ ತೂತು ಕೊರೆದು, ಅದನ್ನು 1.44 ಮೆಗಾಬೈಟಿನ ತಟ್ಟೆಯೆಂದು ಯಂತ್ರವನ್ನು ನಂಬಿಸುತ್ತಿದ್ದರು. ಬರೆದ ದಿನ ಅದು ಸರಿಯಾಗಿಯೇ ಕಾಣುತ್ತಿತ್ತು. ಲೇಪನದ ಗುಣವೇ ಬೇರೆಯಾದುದರಿಂದ ಕಾಲಕ್ರಮೇಣ ಬರಹ ಕೈಕೊಡುತ್ತಿತ್ತು.

ಅಳಿದುದೆಂದು ತಿಳಿದುದನ್ನು ಮರಳಿ ಪಡೆದ ಬಗೆ

ಪ್ರಚಾರದಲ್ಲಿಲ್ಲದ ಕ್ರಮದಲ್ಲಿ ಬರೆದ ತಟ್ಟೆಗಳೆಲ್ಲವೂ ನಷ್ಟವಾದಂತೆಯೇ ಎಂದು ಕೈಚೆಲ್ಲಬೇಕಾಗಿಲ್ಲ. ಎರಡು ನಿದರ್ಶನಗಳನ್ನು ಇಲ್ಲಿ ನೋಡಬಹುದು.

ಅಮೆರಿಕದ ಪ್ರಸಿದ್ಧ ಚಿತ್ರಕಲಾವಿದ ಆಂಡಿ ವಾರ್ಹಾಲ್ ಅವರು 1985ರಲ್ಲಿ ಅಮಿಗಾ ಯಂತ್ರದ ಪ್ರಚಾರಕ್ಕಾಗಿ ಅದರಲ್ಲಿ ಚಿತ್ರಗಳನ್ನು ರಚಿಸಿದ್ದರು. 1987ರಲ್ಲಿ ಅವರು ನಿಧನರಾದರು. ಅವರ ಫ್ಲಾಪಿಗಳು ಪಿಟ್ಸ್‌ಬರ್ಗ್ ನಗರದ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಹಲವು ವರ್ಷ ಹಾಗೆಯೇ ಉಳಿದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಗಣಕ ಸಂಘದ ಸದಸ್ಯರು ಅವುಗಳನ್ನು ಓದಿ, ಈವರೆಗೆ ಯಾರೂ ಕಂಡಿರದ 28 ಚಿತ್ರಗಳನ್ನು ಹೊರತೆಗೆದ ಸಂಗತಿ 2014ರಲ್ಲಿ ಪ್ರಕಟವಾಯಿತು. ತಟ್ಟೆಯ ಗೆರೆಗಳನ್ನು ಅರಿಯುವುದು ಅವರ ಮೊದಲ ಹಂತವಷ್ಟೇ ಆಗಿತ್ತು. ಚಿತ್ರ ಬಿಡಿಸುವ ತಂತ್ರಾಂಶವು ಮಾರುಕಟ್ಟೆಗೆ ಬರುವ ಮೊದಲಿನ ಆವೃತ್ತಿಯಾಗಿದ್ದುದರಿಂದ, ಕಡತದ ಒಳರಚನೆಯನ್ನೂ ಅವರೇ ಬಿಡಿಸಿ ತಿಳಿಯಬೇಕಾಯಿತು.

ಎರಡನೆಯದು, 'ಸ್ಟಾರ್ ಟ್ರೆಕ್' ಧಾರಾವಾಹಿಯ ನಿರ್ಮಾತೃ ಜೀನ್ ರಾಡೆನ್‌ಬೆರಿ ಅವರದು. 1991ರಲ್ಲಿ ಅವರು ತೀರಿಕೊಂಡಾಗ ಸುಮಾರು 200 ಫ್ಲಾಪಿಗಳನ್ನು ಬಿಟ್ಟುಹೋಗಿದ್ದರು. ಅವು ವಿಶೇಷವಾಗಿ ಜೋಡಿಸಿದ ಸಿಪಿ/ಎಂ ಯಂತ್ರಗಳಲ್ಲಿ ಬರೆದವು. ಆ ಯಂತ್ರಗಳಲ್ಲಿ ಒಂದು ಹರಾಜಾಗಿತ್ತು, ಇನ್ನೊಂದು ಕೆಟ್ಟುನಿಂತಿತ್ತು. ದತ್ತಾಂಶವನ್ನು ಮರಳಿ ಪಡೆಯುವ ಸಂಸ್ಥೆಯೊಂದು ಆ ಕ್ರಮವನ್ನು ಮೊದಲಿನಿಂದ ಬಿಡಿಸಿ ತಿಳಿದು, ಬಹುಪಾಲು ಬರಹವನ್ನು ಉಳಿಸಿತು.

ಇಂತಹ ಕೆಲಸಕ್ಕೆ ಕ್ರಯೋಫ್ಲಕ್ಸ್, ಗ್ರೀಸ್‌ವೀಜಲ್ ಮೊದಲಾದ ಸಾಧನಗಳು ಬಳಕೆಯಲ್ಲಿವೆ. ತಟ್ಟೆಯಲ್ಲಿರುವುದನ್ನು ಒಡನೆಯೇ ಅರ್ಥಮಾಡಿಕೊಳ್ಳುವ ಪ್ರಯತ್ನವನ್ನು ಇವು ಮಾಡುವುದಿಲ್ಲ. ಶಿರವು ಗ್ರಹಿಸಿದ ಕಾಂತೀಯ ಬದಲಾವಣೆಗಳನ್ನು ಇದ್ದಂತೆಯೇ ಕಾಲಮಾನದೊಂದಿಗೆ ದಾಖಲಿಸಿಕೊಳ್ಳುತ್ತವೆ. ಅರ್ಥೈಸುವ ಕೆಲಸವನ್ನು ಅನಂತರ ತಂತ್ರಾಂಶವು ಬಿಡುವಾಗಿ ಮಾಡುತ್ತದೆ. ಶಾಸನದ ಅಚ್ಚನ್ನು ಮೊದಲು ಕಾಗದದ ಮೇಲೆ ತೆಗೆದುಕೊಂಡು, ಓದುವುದನ್ನು ಆಮೇಲೆ ವಿದ್ವಾಂಸರಿಗೆ ಬಿಡುವ ಪದ್ಧತಿಗೆ ಇದನ್ನು ಹೋಲಿಸಬಹುದು.

ತಟ್ಟೆ ಓದಿದರೂ ಕನ್ನಡ ಕಾಣದಿದ್ದಾಗ

ಕನ್ನಡದ ಬರಹಗಳ ವಿಷಯದಲ್ಲಿ ಇನ್ನೊಂದು ಪದರವಿದೆ. ತಟ್ಟೆಯು ಓದಲು ಬಂದು, ಕಡತವೂ ತೆರೆದುಕೊಂಡು, ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಲ್ಲಬಹುದು. ಇದಕ್ಕೆ ಕಾರಣ ಅಕ್ಷರ ಸಂಕೇತಗಳ ಭಿನ್ನತೆ.

ಅನೇಕ ಭಾರತೀಯ ಲಿಪಿಗಳಿಗೆ ಅನ್ವಯಿಸುವ ಇಸ್ಕಿ ಎಂಬ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಐಎಸ್ 13194 ಎಂಬ ಮಾನಕವಾಗಿ ಅಂಗೀಕರಿಸಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನವು ಇದನ್ನು ಬಳಕೆಗೆ ತಂದಿತು. ಆದರೆ ಮುದ್ರಣ ಮತ್ತು ಪ್ರಕಾಶನ ಕ್ಷೇತ್ರದಲ್ಲಿ ಪ್ರಚಲಿತವಾಗಿದ್ದ ಅನೇಕ ಕನ್ನಡ ತಂತ್ರಾಂಶಗಳು ತಮ್ಮ ತಮ್ಮ ಫಾಂಟಿಗೆ ತಕ್ಕ ಸಂಕೇತವನ್ನು ತಾವೇ ಇರಿಸಿಕೊಂಡಿದ್ದವು. ಒಂದರಲ್ಲಿ 'ಕ' ಆಗಿದ್ದ ಸಂಖ್ಯೆಯು ಮತ್ತೊಂದರಲ್ಲಿ ಬೇರೆ ಅಕ್ಷರವೋ ಬರಿಯ ಕೊಂಬೋ ಆಗಬಹುದಾಗಿತ್ತು. ಐದೂಕಾಲು ಅಂಗುಲದ ತಟ್ಟೆಗಳ ಕಾಲದಲ್ಲಿ ಗೆರೆಗಳಿಗೆ ಒದಗಿದ ಗತಿಯೇ ಇಲ್ಲಿ ಅಕ್ಷರಗಳಿಗೆ ಒದಗಿತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಒಳಗೊಂಡ ಯೂನಿಕೋಡ್ ಸಂಕೇತವು ಮುಂದೆ ಎಲ್ಲ ಯಂತ್ರಗಳಿಗೂ ಬಂದ ಮೇಲೆ ಈ ತೊಡಕು ಹೊಸ ಬರಹಗಳಿಗೆ ನಿವಾರಣೆಯಾಯಿತು. ಹಳೆಯವುಗಳನ್ನು ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡಿಗೆ ತರಬಹುದು. ಅದಕ್ಕೆ ಮೊದಲು ಅದನ್ನು ಬರೆದ ತಂತ್ರಾಂಶ ಯಾವುದು, ಫಾಂಟು ಯಾವುದು ಎಂಬುದು ಗೊತ್ತಿರಬೇಕು.

ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಯಂತ್ರವು ಫಾರ್ಮ್ಯಾಟ್ ಮಾಡಬೇಕೆ ಎಂದು ಕೇಳಿದಾಗ ಯಾವ ಕಾರಣಕ್ಕೂ ಒಪ್ಪಿಗೆ ಕೊಡಬಾರದು.

ಎರಡನೆಯದಾಗಿ, ತಟ್ಟೆಯನ್ನು ಡ್ರೈವಿಗೆ ಹಾಕುವ ಮೊದಲೇ ಅದರ ಮೇಲೆ ಬರೆಯಲಾಗದಂತೆ ಮಾಡಬೇಕು. ಮೂರೂವರೆ ಅಂಗುಲದ ತಟ್ಟೆಯ ಮೂಲೆಯಲ್ಲಿರುವ ಜಾರುವ ತುಂಡನ್ನು ಸರಿಸಿ ತೂತು ತೆರೆದಿರುವಂತೆ ಇಡಬೇಕು. ಐದೂಕಾಲು ಅಂಗುಲದ ತಟ್ಟೆಯಾದರೆ ಅದರ ಅಂಚಿನ ಕಚ್ಚನ್ನು ಬೆಳಕು ತೂರದ ಅಂಟುಪಟ್ಟಿಯಿಂದ ಮುಚ್ಚಬೇಕು.

ಮೂರನೆಯದಾಗಿ, ಕಡಲ ತೀರದ ನಗರಗಳ ತೇವದ ಹವೆಯಲ್ಲಿ ತಟ್ಟೆಗೆ ಬೂಷ್ಟು ಹಿಡಿಯುವುದುಂಟು. ಅಂತಹುದನ್ನು ಹಾಗೆಯೇ ತಿರುಗಿಸಿದರೆ ಶಿರವು ಲೇಪನವನ್ನು ಕೆರೆದುಹಾಕುತ್ತದೆ. ಮತ್ತೆ ಮತ್ತೆ ಪ್ರಯತ್ನಿಸದೆ ಬಲ್ಲವರಿಗೆ ಒಪ್ಪಿಸುವುದು ಲೇಸು.

ನಾಲ್ಕನೆಯದಾಗಿ, ಯುಎಸ್‌ಬಿ ಮೂಲಕ ಜೋಡಿಸುವ ಸಾಮಾನ್ಯ ಡ್ರೈವುಗಳು ಮೂರೂವರೆ ಅಂಗುಲದ ಪಿಸಿ ಕ್ರಮದ ತಟ್ಟೆಗಳಿಗೆಂದೇ ತಯಾರಾದವು. ಹಳೆಯ ಮ್ಯಾಕಿಂತೋಷಿನ 400 ಮತ್ತು 800 ಕಿಲೋಬೈಟಿನ ತಟ್ಟೆಗಳನ್ನಾಗಲಿ ಅಮಿಗಾ ತಟ್ಟೆಗಳನ್ನಾಗಲಿ ಅವು ಓದಲಾರವು. ಅವುಗಳಲ್ಲಿ ಓದಲಾಗಲಿಲ್ಲವೆಂಬ ಕಾರಣಕ್ಕೆ ತಟ್ಟೆಯನ್ನು ಎಸೆಯಬಾರದು.

ಐದನೆಯದಾಗಿ, ಓದಲು ಬಂದ ತಟ್ಟೆಯ ಪೂರ್ಣ ಪ್ರತಿಬಿಂಬವನ್ನು ಮೊದಲು ತೆಗೆದಿಟ್ಟುಕೊಂಡು, ಅನಂತರವೇ ಕಡತಗಳನ್ನು ಬಿಡಿಸಬೇಕು. ಮೂಲ ಕಡತವನ್ನು ಉಳಿಸಿಕೊಂಡು, ಯೂನಿಕೋಡ್ ಪಠ್ಯವಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು ಕ್ಷೇಮಕರ.

ಕಡತವೆಂಬ ಮಾತನ್ನು ಕನ್ನಡಿಗರು ಗಣಕಯಂತ್ರಕ್ಕಿಂತ ಮೊದಲೇ ಬಲ್ಲರು. ಹುಣಿಸೆಬೀಜದ ಸರಿ ಮತ್ತು ಇದ್ದಿಲನ್ನು ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದು ಮಡಚಿಡುತ್ತಿದ್ದುದೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಉಪಯುಕ್ತ ಆಕರಗಳಾಗಿವೆ. ಅಳಿಸಿ ಮತ್ತೆ ಬರೆಯಬಹುದಾಗಿದ್ದ ಆ ಬಟ್ಟೆಯ ಬರಹವೂ ಉಳಿದು ಬಂದುದು ಅದನ್ನು ಕಾಪಾಡಿದವರೂ ಓದಬಲ್ಲವರೂ ಇದ್ದುದರಿಂದ.

ಸೋನಿ ಸಂಸ್ಥೆಯು 2011ರಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಜಪಾನ್ ಸರ್ಕಾರವು ಫ್ಲಾಪಿಯಲ್ಲಿ ದಾಖಲೆ ಸಲ್ಲಿಸಬೇಕೆಂಬ ತನ್ನ ಹಳೆಯ ನಿಯಮಗಳನ್ನು 2024ರ ಹೊತ್ತಿಗೆ ತೆಗೆದುಹಾಕಿತು. ಡ್ರೈವುಗಳು ವರ್ಷ ವರ್ಷಕ್ಕೂ ವಿರಳವಾಗುತ್ತಿವೆ. ಅದಕ್ಕಿಂತಲೂ ಬೇಗನೆ ವಿರಳವಾಗುತ್ತಿರುವುದು ನೆನಪು. ಯಾವ ಯಂತ್ರದಲ್ಲಿ, ಯಾವ ತಂತ್ರಾಂಶದಿಂದ ಆ ಲೇಖನವನ್ನು ಬರೆಯಲಾಯಿತೆಂದು ಹೇಳಬಲ್ಲವರು ಇಂದು ಹಿರಿಯರಾಗಿದ್ದಾರೆ. ಅವರನ್ನು ಕೇಳಿ, ಅವರು ಹೇಳಿದುದನ್ನು ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಲಕೋಟೆಯೊಳಗೆ ಇಡುವ ಕೆಲಸಕ್ಕೆ ಯಾವ ಸಾಧನವೂ ಬೇಕಿಲ್ಲ. ಅದನ್ನು ಈ ವಾರವೇ ಮಾಡಬಹುದು.